ಮಣಿ ಒಡೆಯುವುದು ಬೆಂಕಿಯಲ್ಲಲ್ಲ

ಪ್ರಶ್ನೆ: ಆರು ತಿಂಗಳಿಂದ ಟಾರ್ಚ್ ಉರಿಯಲ್ಲಿ ಗಾಜಿನ ಮಣಿ ಮಾಡಲು ಕಲಿಯುತ್ತಿದ್ದೇನೆ. ಮಾಡುವಾಗ ಚೆನ್ನಾಗಿಯೇ ಇರುತ್ತವೆ. ಮಾರನೆಯ ದಿನ ನೋಡಿದರೆ ಹತ್ತರಲ್ಲಿ ನಾಲ್ಕು ಬಿರುಕು ಬಿಟ್ಟಿರುತ್ತವೆ. ಗೆಳತಿಗೆ ಕೊಟ್ಟ ಓಲೆಯ ಮಣಿಯೊಂದು ಡಬ್ಬಿಯಲ್ಲೇ ಎರಡಾಯಿತಂತೆ. ನಿಧಾನವಾಗಿ ಆರಲೆಂದು ವರ್ಮಿಕ್ಯುಲೈಟ್ ಪುಡಿಯಲ್ಲಿ ಹೂತಿಡುತ್ತೇನೆ. ತಪ್ಪು ಎಲ್ಲಿ?

ಉತ್ತರ: ಡಬ್ಬಿಯಲ್ಲಿ ಒಡೆಯಿತಲ್ಲ, ಕಿವಿಯಲ್ಲಿ ಅಲ್ಲವಲ್ಲ. ಬಚಾವಾದಿರಿ! ನನ್ನದು ಇದಕ್ಕಿಂತ ದೊಡ್ಡ ಫಜೀತಿ. ಕಲಿತ ಮೊದಲ ವರ್ಷವೇ ಅಕ್ಕನ ಮದುವೆಗೆಂದು 21 ಮಣಿಗಳ ಸರ ಮಾಡಿದ್ದೆ. ನಿಮ್ಮ ಹಾಗೇ ಪುಡಿಯಲ್ಲಿ ಹೂತು ಆರಿಸಿದ್ದೆ. ಮದುವೆಯ ಹಿಂದಿನ ರಾತ್ರಿ ಮೇಜಿನ ಮೇಲಿನ ಪೆಟ್ಟಿಗೆಯೊಳಗಿಂದ ‘ಟಿಕ್’ ಅಂತ ಸದ್ದು. ಹಲ್ಲಿ ಇರಬೇಕು ಅಂತ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಮೂರು ಮಣಿ ಹೋಳಾಗಿವೆ. ಈಗಲೂ ಹಲ್ಲಿ ಲೊಚಗುಟ್ಟಿದರೆ ಸಾಕು, ಅಕ್ಕ “ನಿನ್ನ ಮಣಿ ಒಡೀತು ನೋಡು” ಅಂತಾಳೆ.

ಆಗುವುದು ಇಷ್ಟು. ಉರಿಯಿಂದ ಹೊರಗೆ ತಂದ ಮಣಿಯ ಮೈ ಮೊದಲು ಆರಿ ಗಟ್ಟಿಯಾಗುತ್ತದೆ. ಒಡಲು ಇನ್ನೂ ಬಿಸಿ. ಅದು ಆರುತ್ತಾ ಕುಗ್ಗಲು ನೋಡುತ್ತದೆ, ಗಟ್ಟಿಯಾದ ಮೈ ಬಿಡುವುದಿಲ್ಲ. ಆ ಎಳೆದಾಟ ಮಣಿಯೊಳಗೇ ಉಳಿದುಬಿಡುತ್ತದೆ. ಆಮೇಲೆ ಒಂದು ಸಣ್ಣ ಗೀರು ಸಾಕು. ಅದೂ ಬೇಕಿಲ್ಲ, ಒಮ್ಮೊಮ್ಮೆ ಸುಮ್ನೆ ಇಟ್ಟಲ್ಲೇ ಒಡೆಯುತ್ತದೆ. ವರ್ಮಿಕ್ಯುಲೈಟ್ ಆರುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಸಣ್ಣ ಮಣಿ ಹೇಗೋ ಬದುಕುತ್ತದೆ, ದಪ್ಪನೆಯದು ಕೈಕೊಡುತ್ತದೆ.

ಎಳೆತ ಹೋಗಬೇಕಾದರೆ ಕಿಲ್ನ್ ಬೇಕು, ಅಂದರೆ ಬಿಸಿಯನ್ನು ಬೇಕಾದಷ್ಟಕ್ಕೇ ನಿಲ್ಲಿಸುವ ಕುಲುಮೆ. ಆಕಾರ ಕೆಡದಷ್ಟು, ಆದರೆ ಒಳಗಿನ ಬಿಗಿ ಸಡಿಲವಾಗುವಷ್ಟು ಬಿಸಿಯಲ್ಲಿ ಗಾಜನ್ನು ಕೂರಿಸಬೇಕು. ಇದೇ ಅನೀಲಿಂಗ್. ನಾವು ಜಾಸ್ತಿ ಬಳಸುವ ಮೆತ್ತನೆಯ ಸೋಡಾ ಗಾಜಿಗೆ ಇದು ಸುಮಾರು 510ರಿಂದ 520 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ಹೆಚ್ಚು ಬಿಸಿಗೆ ಕರಗುವ ಗಟ್ಟಿ ಗಾಜಾದ ಬೋರೋಸಿಲಿಕೇಟಿಗೆ 565ರ ಹತ್ತಿರ. ನೀವು ಕರಗಿಸುವ ಗಾಜಿನ ಕಡ್ಡಿ ತಯಾರಿಸಿದವರು ಬೇರೆ ಅಂಕಿ ಕೊಟ್ಟಿದ್ದರೆ ಅವರ ಮಾತೇ ಕೇಳಿ. ನಾನು ಸೋಡಾ ಗಾಜಿನ ಮಣಿಗಳನ್ನು ಒಂದು ಗಂಟೆ ಹಾಗೇ ಇಟ್ಟು, ಗಂಟೆಗೆ ಐವತ್ತು ಡಿಗ್ರಿಯಂತೆ 370ರವರೆಗೆ ಇಳಿಸಿ, ಆಮೇಲೆ ಕಿಲ್ನ್ ಆರಿಸುತ್ತೇನೆ. ಬಾಗಿಲು ತೆರೆಯುವುದು ಮಾರನೆಯ ಬೆಳಿಗ್ಗೆ. ನಡುವೆ ಇಣುಕಿ ನೋಡುವ ಚಪಲ ನಿಮಗೂ ಬರುತ್ತದೆ. ಬೇಡ. ಸ್ವಂತ ಕಿಲ್ನ್ ಇಲ್ಲದಿದ್ದರೆ ಪುಡಿಯಲ್ಲಿ ಆರಿ ಬಿರುಕಿಲ್ಲದೆ ಉಳಿದ ಮಣಿಗಳನ್ನು ಕೂಡಿಡಿ. ಯಾರದಾದರೂ ಕಿಲ್ನಿನಲ್ಲಿ ಎಲ್ಲವನ್ನೂ ಒಟ್ಟಿಗೆ, ತಣ್ಣಗಿನಿಂದ ಮೆಲ್ಲಗೆ ಬಿಸಿ ಮಾಡಿ ಅನೀಲ್ ಮಾಡಬಹುದು. ಗೆಳತಿಯರಿಗೆ ಕೊಡುವುದು ಆಮೇಲೆ.

ಇನ್ನೊಂದು ಅನುಮಾನ. ಕಡ್ಡಿಯ ಕಟ್ಟಿನ ಮೇಲೆ 104 ಅಂತ ಇದೆಯೋ, 33 ಅಂತ ಇದೆಯೋ? ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎಂಬುದರ ಅಂಕಿ ಅದು. 104 ಸೋಡಾ ಗಾಜು, 33 ಬೋರೋಸಿಲಿಕೇಟ್. ಇವೆರಡನ್ನು ಒಂದೇ ಮಣಿಯಲ್ಲಿ ಬೆರೆಸಿದರೆ ಯಾವ ಕಿಲ್ನೂ ಕಾಪಾಡುವುದಿಲ್ಲ. ಬಣ್ಣವಿಲ್ಲದ ತುಂಡುಗಳು ನೋಡಲು ಒಂದೇ ಥರ, ನಾನೇ ಮೋಸ ಹೋಗಿದ್ದೇನೆ. ಗುರುತು ಸಿಗದ ತುಂಡನ್ನು ಉರಿಗೆ ಹಿಡಿದು ನೋಡಿ. ಸೋಡಾ ಗಾಜು ಬೇಗ ಮೆತ್ತಗಾಗಿ ಹಳದಿ ಉರಿ ಉಗುಳುತ್ತದೆ. ಬೋರೋ ಹಠಮಾರಿ, ಬೇಗ ಬಾಗುವುದಿಲ್ಲ, ಹಳದಿಯೂ ಕಮ್ಮಿ.

ಒಂದು ತಮಾಷೆಯ ಪರೀಕ್ಷೆಯೂ ಇದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸಿಂಗ್ ಹಾಳೆಗಳನ್ನು ಒಂದರ ಹಿಂದೆ ಒಂದು ಹಿಡಿದು, ಬೆಳಕು ಕತ್ತಲಾಗುವವರೆಗೆ ಒಂದನ್ನು ತಿರುಗಿಸಿ. ನಡುವೆ ಮಣಿ ಇಡಿ. ಎಳೆತವಿರುವ ಜಾಗ ಹೊಳೆಯುತ್ತದೆ, ಹದವಾದ ಮಣಿ ಕತ್ತಲಾಗೇ ಇರುತ್ತದೆ. ಆಚೆ ಕಾಣುವ ಗಾಜಿಗೆ ಮಾತ್ರ ಇದು ನಡೆಯುತ್ತದೆ.

ಪ್ರಶ್ನೆ: ಆ ಹಳದಿ ಉರಿಯಲ್ಲಿ ಮಣಿಯೇ ಕಾಣುವುದಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡರೆ ಸಾಕಾ?

ಉತ್ತರ: ಸಾಲದು. ಅದು ಎಲ್ಲವನ್ನೂ ಮಂಕು ಮಾಡುತ್ತದೆ. ಹಳದಿಗೆ ಕಾರಣ ಗಾಜಿನ ಸೋಡಿಯಂ. ಅದರ ಬೆಳಕು 589 ನ್ಯಾನೋಮೀಟರಿನ ಸುತ್ತ ಇರುತ್ತದೆ. ಡಿಡೀಮಿಯಮ್ ಕನ್ನಡಕ ಅದನ್ನೇ ಹೆಕ್ಕಿ ತಡೆಯುತ್ತದೆ. ಮೊದಲ ಸಲ ಹಾಕಿದಾಗ ಯಾರೋ ಪರದೆ ಸರಿಸಿದ ಹಾಗಾಯಿತು ನನಗೆ. ಬೋರೋ ಮಾಡುವವರಿಗೆ ಇದೊಂದೇ ಸಾಲದು, ಜೊತೆಗೆ ವೆಲ್ಡಿಂಗ್‌ನವರು ಬಳಸುವಂಥ ಗಾಢ ಗಾಜೂ ಬೇಕು. ಕಿಟಕಿ ತೆರೆದಿದ್ದೀರಿ ತಾನೇ? ಹೊಗೆ ಹೊರಗೆಳೆಯುವ ಫ್ಯಾನೂ ಇರಲಿ. ಮಣಿ ಸುತ್ತುವ ಸ್ಟೀಲ್ ಕಡ್ಡಿಗೆ ಗಾಜು ಅಂಟದಿರಲೆಂದು ಬಳಿದ ಜೇಡಿಯನ್ನು ಮಣಿಯ ತೂತಿನಿಂದ ಕೆರೆಯುವಾಗ ನೀರಿನೊಳಗೇ ಕೆರೆಯಿರಿ, ಆ ಧೂಳು ಎದೆಗಿಳಿಯಬಾರದು.

ಪ್ರಶ್ನೆ: ತಿಳಿನೀಲಿ ಗಾಜು ಉರಿಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕೆನೆ ಬಣ್ಣದ ಗಾಜಿನ ಪಕ್ಕ ಇಟ್ಟರೆ ಕಪ್ಪು ಗೆರೆ ಬರುತ್ತದೆ. ಕಡ್ಡಿ ಕಳಪೆಯೇ?

ಉತ್ತರ: ಕಡ್ಡಿ ಸರಿಯಾಗೇ ಇದೆ. ತಿಳಿನೀಲಿಯಲ್ಲಿ ತಾಮ್ರ ಇದೆ. ಉರಿಯಲ್ಲಿ ಗ್ಯಾಸ್ ಜಾಸ್ತಿಯಾಗಿ ಆಮ್ಲಜನಕ ಸಾಲದಿದ್ದರೆ ಅದು ಕೆಂಪಾಗುತ್ತದೆ. ಆಮ್ಲಜನಕ ತುಸು ಏರಿಸಿ, ಮಣಿಯನ್ನು ಟಾರ್ಚಿನ ಬಾಯಿಯಿಂದ ದೂರ ಹಿಡಿಯಿರಿ. ಕಪ್ಪು ಗೆರೆ ಬೇರೆ ಕಥೆ. ಕೆನೆ ಗಾಜಿನ ಗಂಧಕ, ನೀಲಿಯ ತಾಮ್ರ, ಎರಡೂ ಮುಟ್ಟಿದಲ್ಲಿ ಕಪ್ಪಾಗುತ್ತದೆ. ಬೇಡವೆಂದರೆ ನಡುವೆ ಬಣ್ಣವಿಲ್ಲದ ಗಾಜಿನ ಒಂದು ಪದರ ಕೊಡಿ. ನನಗಂತೂ ಆ ಗೆರೆ ಇಷ್ಟ. ಅಕ್ಕನ ಸರದಲ್ಲಿ ಹೋಳಾದ ಮೂರು ಮಣಿಗಳ ಜಾಗಕ್ಕೆ ಆಮೇಲೆ ಅಂಥವನ್ನೇ ಪೋಣಿಸಿ ಕೊಟ್ಟೆ.