19ನೇ ಸ್ಲೈಡ್ ಮೊದಲು ಬರಲಿ

ಓದುಗರ ಪತ್ರ: ಗೋದಾಮುಗಳ ಸರಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿದ್ದೇವೆ. ಮೂವರ ತಂಡ. ಗ್ರಾಹಕರು, ಹೂಡಿಕೆದಾರರು ಸೇರಿ ಹನ್ನೊಂದು ಕಡೆ ಪಿಚ್ ಮಾಡಿದೆವು, ಅಂದರೆ ಸ್ಲೈಡ್ ತೋರಿಸಿ ಒಪ್ಪಿಸಲು ನೋಡಿದೆವು. ಎಲ್ಲರೂ ‘ಚೆನ್ನಾಗಿದೆ, ನೋಡಿ ಹೇಳ್ತೀವಿ’ ಅಂದರು. ಆಮೇಲೆ ಸುದ್ದಿಯೇ ಇಲ್ಲ. 32 ಸ್ಲೈಡ್‌ಗಳನ್ನು ಕಳಿಸಿದ್ದೇನೆ. ಎಲ್ಲಿ ಎಡವುತ್ತಿದ್ದೇವೆ? ಎಷ್ಟು ಸ್ಲೈಡ್ ಇರಬೇಕು?

ಸಂಪಾದಕರ ಉತ್ತರ: ಹನ್ನೊಂದಕ್ಕೇ ಕಂಗೆಡಬೇಡಿ. 2008ರಲ್ಲಿ, ಮನೆ-ಕೋಣೆಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ ಶುರು ಮಾಡಿದವರು ಏಳು ಹೂಡಿಕೆದಾರರಿಗೆ ಪರಿಚಯವಾಗಿದ್ದರು. ಐವರು ಬೇಡ ಅಂದರು, ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಆದರೆ ನಿಮ್ಮ ಸ್ಲೈಡ್‌ಗಳನ್ನು ನೋಡಿದ ಮೇಲೆ, ತಪ್ಪೆಲ್ಲ ಕೇಳಿದವರದೇ ಅನ್ನಲು ನನಗೆ ಧೈರ್ಯ ಸಾಲುತ್ತಿಲ್ಲ.

ಮೂರನೇ ಸ್ಲೈಡ್‌ನಲ್ಲಿ ಹೀಗಿದೆ: ‘ಕ್ಲೌಡ್ ಆಧಾರಿತ, ಕೃತಕ ಬುದ್ಧಿಮತ್ತೆಯ ಸಮಗ್ರ ಪರಿಹಾರ’. ಇದನ್ನು ಓದಿದವರಿಗೆ ಏನು ಕಾಣುತ್ತದೆ? ಏನೂ ಇಲ್ಲ. ಹತ್ತೊಂಬತ್ತನೇ ಸ್ಲೈಡ್‌ನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲಿದೆ: ‘ಎರಡು ದಿನ ಹಿಡಿಯುತ್ತಿದ್ದ ಸ್ಟಾಕ್ ಎಣಿಕೆ ಈಗ ನಾಲ್ಕು ಗಂಟೆಯಲ್ಲಿ ಮುಗಿಯುತ್ತಿದೆ.’ ಅಲ್ಲ ಸ್ವಾಮಿ, ಇದನ್ನು ಯಾಕೆ ಬಚ್ಚಿಟ್ಟಿರಿ? ಇದೇ ಅಲ್ವಾ ನಿಮ್ಮ ಪಿಚ್?

ಎಲಿಷಾ ಓಟಿಸ್ ಲಿಫ್ಟ್ ಬೀಳದಂತೆ ತಡೆಯುವ ಬ್ರೇಕ್ ಮಾಡಿದಾಗ ಕೊಳ್ಳುವವರು ಕಡಿಮೆ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಆತ ತಾನೇ ಹಲಗೆಯ ಮೇಲೆ ನಿಂತು ಮೇಲೇರಿದ. ಜನರೆದುರೇ ಹಗ್ಗ ಕತ್ತರಿಸಲು ಹೇಳಿದ. ಹಲಗೆ ತುಸು ಜಾರಿ ನಿಂತುಬಿಟ್ಟಿತು. ನಿಮ್ಮ ಹತ್ತಿರವೂ ಕತ್ತರಿಸಲು ಹಗ್ಗವಿದೆ. ಗ್ರಾಹಕರ ಒಂದೇ ಒಂದು ಕಪಾಟನ್ನು ಅವರೆದುರೇ ಎಣಿಸಿ ತೋರಿಸಿ.

ಇನ್ನೊಂದು ತೊಂದರೆ, ಗ್ರಾಹಕರಿಗೂ ಹೂಡಿಕೆದಾರರಿಗೂ ಅದೇ 32 ಸ್ಲೈಡ್. ಇಬ್ಬರ ಭಯ ಬೇರೆ ಬೇರೆ. ಗೋದಾಮಿನ ಮ್ಯಾನೇಜರ್‌ಗೆ ನಿಮ್ಮ ಮಾರುಕಟ್ಟೆ ಎಷ್ಟು ದೊಡ್ಡದು ಅನ್ನುವುದು ಬೇಕಿಲ್ಲ. ಹಳೆಯ ಲೆಕ್ಕ ಹೊಸದಕ್ಕೆ ಹೇಗೆ ಬರುತ್ತದೆ, ಬದಲಾಯಿಸುವಾಗ ಕೆಲಸ ನಿಲ್ಲುತ್ತದಾ, ರಾತ್ರಿ ಕೈಕೊಟ್ಟರೆ ಫೋನ್ ಎತ್ತುವವರು ಯಾರು, ಇಷ್ಟೇ ಅವರ ಚಿಂತೆ. ಇದಕ್ಕೆ ಉತ್ತರಿಸುವ ಒಂದು ಸ್ಲೈಡೂ ನಿಮ್ಮಲ್ಲಿಲ್ಲ.

ಹೂಡಿಕೆದಾರರು ನಿಮ್ಮ ಸಾಫ್ಟ್‌ವೇರನ್ನು ಕೊಳ್ಳುವುದಿಲ್ಲ, ನಿಮ್ಮ ಕಂಪನಿಯ ಪಾಲನ್ನು ಕೊಳ್ಳುತ್ತಾರೆ. ಒಬ್ಬ ಗ್ರಾಹಕನನ್ನು ತರಲು ಎಷ್ಟು ಖರ್ಚು, ಅವನು ಎಷ್ಟು ಕಾಲ ಉಳಿಯುತ್ತಾನೆ, ಉಳಿದಷ್ಟು ದಿನ ಎಷ್ಟು ಲಾಭ ಕೊಡುತ್ತಾನೆ, ಅವರು ಹುಡುಕುವುದು ಇದನ್ನು. ನೀವು ಬರೆದಿರುವುದು ‘ಈ ಮಾರುಕಟ್ಟೆಯ ಶೇ 1 ಸಿಕ್ಕರೂ ಸಾಕು’ ಅಂತ. ಈ ಮಾತನ್ನು ಕೇಳಿ ಕೇಳಿ ಅವರ ಕಿವಿ ತೂತಾಗಿದೆ. ಆ ಶೇ 1 ಸುಮ್ನೆ ಬಂದು ಬೀಳುವುದಿಲ್ಲ. ಲೆಕ್ಕವನ್ನು ಕೆಳಗಿನಿಂದ ಹಾಕಿ: ಮೂವರು ಸೇರಿ ತಿಂಗಳಿಗೆ ಎಷ್ಟು ಗೋದಾಮುಗಳನ್ನು ನೋಡಬಲ್ಲಿರಿ, ಹತ್ತರಲ್ಲಿ ಎಷ್ಟು ಜನ ಹೂಂ ಅಂತಾರೆ, ವರ್ಷಕ್ಕೆ ಎಷ್ಟು ಕೊಡುತ್ತಾರೆ. ಮೊತ್ತ ಸಣ್ಣದಾಗುತ್ತದೆ, ಆದರೆ ನಂಬಬಹುದು.

‘ನಮಗೆ ಪ್ರತಿಸ್ಪರ್ಧಿಗಳೇ ಇಲ್ಲ’ ಅನ್ನುವ ಸ್ಲೈಡ್ ತೆಗೆಯಿರಿ. ನೋಟ್‌ಬುಕ್ಕು, ಪೆನ್ನು, ಎಕ್ಸೆಲ್ ಎಲ್ಲ ನಿಮ್ಮ ಪ್ರತಿಸ್ಪರ್ಧಿಗಳೇ.

ನಾನೂ ಹೀಗೆ ಬುದ್ಧಿ ಕಲಿತವನೇ. ಪತ್ರಿಕೆ ಶುರುವಾದ ಹೊಸದರಲ್ಲಿ ಜಾಹೀರಾತು ಕೇಳಲು ಹೋಗಿ ನಮ್ಮ ಧ್ಯೇಯದ ಬಗ್ಗೆ ಮುಕ್ಕಾಲು ಗಂಟೆ ಕೊರೆದೆ. ಎದುರಿಗಿದ್ದವರು ಗಡಿಯಾರ ನೋಡಿ ಕೇಳಿದರು, ‘ಸರಿ, ಓದುವವರು ಯಾರು? ಎಷ್ಟು ಜನ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಷ್ಟು ಸ್ಲೈಡ್ ಇರಬೇಕು ಅಂತಲೂ ಕೇಳಿದ್ದೀರಿ. ಹೂಡಿಕೆದಾರ, ಲೇಖಕ ಗೈ ಕವಾಸಕಿ 10 ಸ್ಲೈಡ್, 20 ನಿಮಿಷ, 30 ಪಾಯಿಂಟಿಗಿಂತ ಸಣ್ಣದಲ್ಲದ ಅಕ್ಷರ ಅಂತಾರೆ. ಹನ್ನೆರಡಾದರೆ ಆಕಾಶವೇನೂ ಬೀಳಲ್ಲ. 32 ಮಾತ್ರ ಜಾಸ್ತಿಯಾಯಿತು.

ಕೊನೆಯ ಸ್ಲೈಡ್‌ನಲ್ಲಿ ದೊಡ್ಡದಾಗಿ ‘ಧನ್ಯವಾದಗಳು’ ಅಂತಿದೆ, ಹಿಂದೆ ಸೂರ್ಯೋದಯದ ಚಿತ್ರ. ಕೇಳಬೇಕಾದ್ದನ್ನು ಎಲ್ಲೂ ಕೇಳಿಲ್ಲ. ಗ್ರಾಹಕರಾದರೆ ಅಲ್ಲಿ ಹೀಗೆ ಬರೆಯಿರಿ: ‘ಒಂದು ಗೋದಾಮು, ಒಂದು ತಿಂಗಳು. ಬರುವ ಸೋಮವಾರ ಶುರು ಮಾಡೋಣವೇ?’