ಹಡಗಿನಲ್ಲಿ ಶಿಳ್ಳೆ ಹಾಕಬಾರದಾ?

ಪ್ರಶ್ನೆ: ಸಾರ್, ನನ್ನ ಮಗ ಮರ್ಚೆಂಟ್ ನೇವಿಯಲ್ಲಿ ಕೆಡೆಟ್. ಡೆಕ್ ಮೇಲೆ ಸುಮ್ನೆ ಶಿಳ್ಳೆ ಹಾಕಿದ್ದಕ್ಕೆ ಸೀನಿಯರ್ ಒಬ್ಬರು ಬೈದರಂತೆ, ಬಿರುಗಾಳಿ ಬರುತ್ತೆ ಅಂತ. ಶುಕ್ರವಾರ ಹೊರಡೋದೂ ಕೆಟ್ಟದ್ದಂತೆ. ನಮಗೆ ಅದು ಲಕ್ಷ್ಮಿ ವಾರ! ಓದಿದವರೂ ಇದನ್ನೆಲ್ಲ ನಂಬುತ್ತಾರಾ?
– ಒಬ್ಬ ತಾಯಿ, ಬಸವೇಶ್ವರನಗರ, ಬೆಂಗಳೂರು

ಉತ್ತರ: ನಂಬುತ್ತಾರೆ ಅಮ್ಮಾ. ನಿಮ್ಮ ಬೀದಿಯಲ್ಲೇ ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುವ ಎಂಜಿನಿಯರ್ ಎಷ್ಟು ನಂಬುತ್ತಾನೋ ಅಷ್ಟು.

ಶಿಳ್ಳೆಯದು ಹಾಯಿಹಡಗಿನ ಕಾಲದ ಭಯ. ಶಿಳ್ಳೆ ಹಾಕಿದರೆ ಗಾಳಿಯನ್ನು ಕರೆದ ಹಾಗೆ ಅಂತ. ಮಜಾ ಏನಂದ್ರೆ, ಗಾಳಿ ಬಿದ್ದುಹೋಗಿ ಹಡಗು ನಿಂತಲ್ಲೇ ನಿಂತಾಗ ಅದೇ ನಾವಿಕರು ಬೇಕಂತಲೇ ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದರು. ಗಾಳಿ ಬೇಕು, ಜಾಸ್ತಿ ಬೇಡ! ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಹಳೇ ಯುದ್ಧನೌಕೆಗಳಲ್ಲಿ ಬೋಸನ್ ಅನ್ನುವ ನಾವಿಕರ ಮೇಸ್ತ್ರಿ ಪುಟ್ಟ ಪೀಪಿ ಊದಿ ಆಜ್ಞೆ ಕೊಡುತ್ತಿದ್ದ, ಅಲೆಯ ಅಬ್ಬರದಲ್ಲಿ ಕೂಗಿದ್ದು ಕೇಳದಿದ್ದರೂ ಆ ಕೀಚಲು ಸದ್ದು ಕೇಳುತ್ತಿತ್ತು, ಅದರ ನಡುವೆ ಇನ್ಯಾರೋ ಶಿಳ್ಳೆ ಹೊಡೆದರೆ ಎಡವಟ್ಟು ತಾನೆ? ಹಾಗಾಗಿ ಆ ಸೀನಿಯರ್ ಮೇಲೆ ನನಗೇನೂ ಕೋಪವಿಲ್ಲ.

ಶುಕ್ರವಾರದ ಭಯ ಯುರೋಪಿನದು. ಏಸುವನ್ನು ಶಿಲುಬೆಗೇರಿಸಿದ ವಾರ ಅಂತ. ನಗಬೇಡಿ, ನಾವೂ ಶುಕ್ರವಾರ ಮಗಳನ್ನು ಗಂಡನ ಮನೆಗೆ ಕಳಿಸಲ್ಲ, ಅಲ್ವಾ? ಆದರೆ ಕೊಲಂಬಸ್ ಸ್ಪೇನ್ ಬಿಟ್ಟ 1492ರ ಆಗಸ್ಟ್ 3 ಶುಕ್ರವಾರವೇ. ನೆಲ ಸಿಕ್ಕಿದ ಅಕ್ಟೋಬರ್ 12 ಕೂಡ ಶುಕ್ರವಾರ. ಈಗಂತೂ ಬಂದರಿನಲ್ಲಿ ಒಂದು ದಿನ ಜಾಸ್ತಿ ನಿಂತರೂ ಖರ್ಚು, ವಾರ ನೋಡುತ್ತಾ ಕೂರುವವರು ಯಾರು?

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೆಂಗಸರು ಹತ್ತಿದರೆ ಹಡಗಿಗೆ ಕೇಡು ಅನ್ನುವ ಮಾತೂ ಇದೆ. ಅದು ಶುದ್ಧ ತಲೆಹರಟೆ. ನಮ್ಮ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು 2017ರ ಸೆಪ್ಟೆಂಬರಿನಲ್ಲಿ ‘ತಾರಿಣಿ’ ಅನ್ನುವ ಹಾಯಿದೋಣಿ ಹತ್ತಿ ಗೋವಾದಿಂದ ಹೊರಟು, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ನಂಥ ಭಯಂಕರ ಕಡಲನ್ನೂ ದಾಟಿ, ಭೂಮಿಗೇ ಒಂದು ಸುತ್ತು ಹಾಕಿ 2018ರ ಮೇನಲ್ಲಿ ವಾಪಸ್ ಬಂದರು.

ಎಲ್ಲವೂ ಬುರುಡೆಯಲ್ಲ. ಸಂಜೆ ಆಕಾಶ ಕೆಂಪಾದರೆ ನಾಳೆ ಹವೆ ಚೆನ್ನ, ಬೆಳಿಗ್ಗೆ ಕೆಂಪಾದರೆ ಹುಷಾರು ಅನ್ನುತ್ತಾರೆ. ಯುರೋಪಿನ ಕಡೆ ಮೋಡ, ಮಳೆ ಸಾಮಾನ್ಯವಾಗಿ ಪಶ್ಚಿಮದಿಂದ ಬರುತ್ತವೆ, ಮುಳುಗುವ ಸೂರ್ಯ ಕೆಂಪಗೆ ಕಂಡರೆ ಆ ದಿಕ್ಕು ತಿಳಿಯಾಗಿದೆ ಅಂತ ಲೆಕ್ಕ. ಮಗನ ಹಡಗು ಆ ಕಡೆ ಹೋದಾಗ ನೋಡಲಿ. ನಮ್ಮ ಮುಂಗಾರಿನ ಕಡಲಲ್ಲಿ ಮಾತ್ರ ಇದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.