ಕಪಾಟಿನ ಟ್ರೋಫಿಗಿಂತ ಅಂಕಣವನ್ನು ನೋಡಿ

ಹನ್ನೊಂದು ವರ್ಷದ ಮಗಳನ್ನು ಟ್ರೋಫಿ ತುಂಬಿದ ದುಬಾರಿ ವಾಲಿಬಾಲ್ ಕ್ಲಬ್‌ಗೆ ಸೇರಿಸಲೋ, ಮನೆ ಹತ್ತಿರದ ಮಣ್ಣಿನ ಅಂಕಣಕ್ಕೋ ಎಂದು ಕೇಳಿದ್ದೀರಿ. ಶುಲ್ಕ ಕಟ್ಟುವ ಮೊದಲು ಎರಡೂ ಕಡೆ ಒಂದೊಂದು ಸಂಜೆ ಪೂರ್ತಿ ಕುಳಿತು ನೋಡಿ.

ಒಂದು ಮಗುವಿನ ಕೈಗೆ ಚೆಂಡು ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ಇಪ್ಪತ್ತು ಮಕ್ಕಳಿಗೆ ಮೂರೇ ಚೆಂಡುಗಳಿದ್ದರೆ ಹೆಚ್ಚಿನವರು ಸಾಲಿನಲ್ಲಿ ನಿಂತೇ ಮನೆಗೆ ಮರಳುತ್ತಾರೆ. ನೆಟ್‌ನ ಎತ್ತರವನ್ನೂ ಕೇಳಿ. ಹಿರಿಯ ಮಹಿಳೆಯರಿಗೆ ಅದು 2.24 ಮೀಟರ್; ಈ ವಯಸ್ಸಿನವರಿಗೂ ಅದನ್ನು ತಗ್ಗಿಸದೆ ಆಡಿಸುವವರಿಗೆ ಮಕ್ಕಳ ಭುಜದ ಚಿಂತೆಯಿಲ್ಲ ಎಂದೇ ನನ್ನ ತೀರ್ಮಾನ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಎತ್ತರದವಳನ್ನು ನೆಟ್ ಬಳಿ ಹೊಡೆತ ತಡೆಯುವ ಬ್ಲಾಕಿಂಗ್‌ಗೆ, ಗಿಡ್ಡವಳನ್ನು ಹಿಂದೆ ನಿಂತು ಚೆಂಡು ಎತ್ತುವ ಲಿಬೆರೊ ಸ್ಥಾನಕ್ಕೆ ಈಗಲೇ ಕಟ್ಟಿಹಾಕುವ ಕಡೆ ಸೇರಿಸಬೇಡಿ. ಯಾರು ಎಷ್ಟು ಬೆಳೆಯುತ್ತಾರೆಂದು ಯಾರು ಬಲ್ಲರು? ನನ್ನ ಮಗನನ್ನು ಹೀಗೆಯೇ ಹಿಂದಿನ ಸಾಲಿನಲ್ಲೇ ಎರಡು ವರ್ಷ ಆಡಿಸಿದರು. ಆಮೇಲೆ ಅವನು ಬೆಳೆದ, ಆದರೆ ಸ್ಮ್ಯಾಶ್ ಹೊಡೆಯುವ ಧೈರ್ಯ ಬೆಳೆದಿರಲಿಲ್ಲ. ಆ ಸಂಕಟ ನನ್ನಲ್ಲಿ ಇನ್ನೂ ಇದೆ.

ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳನ್ನು ಕಣ್ಣಾರೆ ನೋಡಿ. ಸರ್ವ್ ನೆಟ್‌ಗೆ ಬಡಿದಾಗ ತರಬೇತುದಾರರು ಮಗುವಿಗೆ ಏನು ಹೇಳುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿ. ಮಣ್ಣಿನ ಅಂಕಣದಲ್ಲಿ ಇವೆಲ್ಲ ಸರಿಯಿದ್ದರೆ ನಾನು ಅಲ್ಲಿಗೇ ಕಳುಹಿಸುತ್ತೇನೆ. ಬಿದ್ದು ಚೆಂಡು ಎತ್ತುವುದನ್ನು ಕಲಿಯಲು ಸಿಮೆಂಟಿಗಿಂತ ಮಣ್ಣು ಮೆದು.